ಎಲ್ಲರ ಹೆಬ್ಬೆರಳು

ಕಚೇರಿಯ ವಾಟ್ಸಾಪ್ ಗ್ರೂಪಿಗೆ ಸಾಹೇಬರು ಹಾಕಿದ ಸುತ್ತೋಲೆಗೆ ಹೆಬ್ಬೆರಳಿನ ಇಮೋಜಿ ಒತ್ತಲಿಲ್ಲವೆಂದು ದಾಖಲೆ ಕೋಣೆಯ ಅಕ್ಕನ ಒಂದು ದಿನದ ಸಂಬಳ ಕಡಿತ ಮಾಡಿದರು.

ತಪ್ಪು ಟೈಪಿಸ್ಟ್ ಹುಡುಗಿಯದು. ನೀರು ಸರಬರಾಜು ಕಚೇರಿಯಲ್ಲಿ ಅದೊಂದು ರೂಢಿಯೇ ಆಗಿಹೋಗಿತ್ತು. ಬೆಳಿಗ್ಗೆ ಬಂದವರೆಲ್ಲ ಮೊಬೈಲುಗಳನ್ನು ಅವಳ ಮೇಜಿನ ಮೇಲಿಟ್ಟು ಕೌಂಟರಿಗೆ ಹೋಗುವರು. ಅವಳು ಒಂದೊಂದನ್ನೇ ತೆರೆದು ಸಾಹೇಬರ ಗುಲಾಬಿ ಹೂವಿಗೆ, ಶುಭೋದಯಕ್ಕೆ, ಸರ್ಕಾರದ ಹೊಸ ನಿಯಮಕ್ಕೆ, ಎಲ್ಲಕ್ಕೂ ಎಲ್ಲರ ಪರವಾಗಿ ಹೆಬ್ಬೆರಳು ಒತ್ತುವಳು. ಯಾರೂ ಏನನ್ನೂ ಓದುತ್ತಿರಲಿಲ್ಲ. ಓದುತ್ತ ಕೂತರೆ ಕೌಂಟರಿನ ಮುಂದಿನ ಜನ ಬಿಡಬೇಕಲ್ಲ! ಆ ದಿನ ಅಕ್ಕನ ಮೊಬೈಲು ಚಾರ್ಜಿಗೆಂದು ಕಿಟಕಿಯ ಬಳಿ ಇತ್ತು. ಮರೆತುಹೋಯಿತು.

"ನನ್ನ ಕೈ ಸೇದಿಹೋಗ್ಲಿ ಅಕ್ಕಾ," ಎಂದಳು ಹುಡುಗಿ, ಕಡಿತದ ಸುದ್ದಿ ಬಂದ ದಿನ ಮಧ್ಯಾಹ್ನ.

"ಸೇದಿಹೋದ್ರೆ ಇಷ್ಟು ಜನರದ್ದು ಯಾರೇ ಒತ್ತೋದು? ಬಾ, ಊಟ ಮಾಡು." ಅಕ್ಕ ಡಬ್ಬಿಯ ಮುಚ್ಚಳದಲ್ಲಿ ಅವಳ ಪಾಲು ತೆಗೆದಿಟ್ಟಳು. ಆಮೇಲೆ ಕನ್ನಡಕ ಹುಡುಕಿಕೊಂಡಳು. "ಒಂದು ದಿನದ ಸಂಬಳ ನುಂಗಿದೆಯಲ್ಲ ಈ ಸುತ್ತೋಲೆ, ಅದೇನು ಬರೆದಿದ್ದಾರೋ ನೋಡೇಬಿಡೋಣ."

ಓದುತ್ತ ಓದುತ್ತ ಅವಳು ಅಗಿಯುವುದನ್ನು ನಿಲ್ಲಿಸಿದಳು. ಇನ್ನು ಮುಂದೆ ಭಾನುವಾರವೂ ಕೆಲಸ. ಹೆಚ್ಚಿನ ಸಂಬಳವಿಲ್ಲ. ಸಿಬ್ಬಂದಿ ಸ್ವಇಚ್ಛೆಯಿಂದ ಒಪ್ಪಿರುತ್ತಾರೆ. ಹೆಬ್ಬೆರಳನ್ನೇ ಸಹಿಯೆಂದು ಪರಿಗಣಿಸಲಾಗುವುದು.

"ಭಾನುವಾರ ನಮ್ಮಮ್ಮಂಗೆ ಸ್ನಾನ ಕಣೇ. ವಾರಕ್ಕೊಂದೇ ಸಲ. ಬೇರೆಯವರು ಮುಟ್ಟಿದ್ರೆ ಕಿರುಚ್ತಾಳೆ. ನನ್ನನ್ನೂ ಬೈತಾಳೆ, ಆದ್ರೆ ತಲೆ ಬಗ್ಗಿಸ್ತಾಳೆ."

ಹುಡುಗಿ ಕೈಯಲ್ಲಿದ್ದ ತುತ್ತನ್ನು ಮುಚ್ಚಳದಲ್ಲೇ ಇಟ್ಟಳು. ಅಕ್ಕನೊಬ್ಬಳದು ಬಿಟ್ಟು ಇಡೀ ಕಚೇರಿಯ ಭಾನುವಾರಗಳನ್ನು ಅವಳು ತಾನೇ ಕೈಯಾರೆ ಕೊಟ್ಟುಬಿಟ್ಟಿದ್ದಳು.

ಅಷ್ಟರಲ್ಲಿ ಸಾಹೇಬರು ಅಲ್ಲಿಗೇ ಬಂದರು. ಕೆಟ್ಟವರೇನಲ್ಲ, ಯಾರಿಗಾದರೂ ಜ್ವರವೆಂದರೆ ಬಿಸಿನೀರಿನ ಮಹಿಮೆಯ ವಿಡಿಯೊ ಹಾಕುವವರು. "ಮೇಲಿನವರಿಗೆ ನೂರಕ್ಕೆ ನೂರು ಒಪ್ಪಿಗೆ ಅಂತ ಕಳಿಸ್ಬೇಕಮ್ಮ. ನಿಮ್ಮದೊಂದೇ ಬಾಕಿ. ಒತ್ತಿಬಿಡಿ, ಕಟ್ ಮಾಡಿದ ಸಂಬಳ ವಾಪಸ್ ಹಾಕಿಸ್ತೀನಿ."

"ನಮ್ಮಮ್ಮನ್ನ ಕೇಳ್ಬೇಕು ಸಾರ್," ಎಂದಳು ಅಕ್ಕ.

"ತಮಾಷೆ ಸಾಕು." ಸಾಹೇಬರು ನಗುತ್ತಲೇ ಹುಡುಗಿಯತ್ತ ತಿರುಗಿದರು. "ಎಲ್ಲರದ್ದೂ ನೀನೇ ತಾನೇ ಒತ್ತೋದು? ನಂಗೊತ್ತಿಲ್ವಾ? ಇವರದ್ದೂ ಒತ್ತಮ್ಮ."

ಅಕ್ಕನ ಮೊಬೈಲು ಡಬ್ಬಿಯ ಪಕ್ಕದಲ್ಲೇ ತೆರೆದುಕೊಂಡು ಬಿದ್ದಿತ್ತು. ಅಕ್ಕ ಅದನ್ನು ಎಳೆದುಕೊಳ್ಳಲಿಲ್ಲ, ಹುಡುಗಿಯ ಮುಖವನ್ನೂ ನೋಡಲಿಲ್ಲ.

"ಒತ್ತಲ್ಲ ಸಾರ್," ಎಂದಳು ಹುಡುಗಿ. "ಇನ್ಮೇಲೆ ಯಾರದ್ದೂ ಒತ್ತಲ್ಲ."

ಕೈ ತೊಳೆದು ಬಂದು, ಮೇಜಿನ ಮೇಲಿದ್ದ ಮೊಬೈಲುಗಳನ್ನು ಮಗುವಿನಂತೆ ಎದೆಗವಚಿಕೊಂಡು ಕೌಂಟರುಗಳತ್ತ ನಡೆದಳು. ಮೊದಲ ಕೌಂಟರಿನವನ ಮುಂದೆ ಅವನದನ್ನು, ಸುತ್ತೋಲೆ ತೆರೆದು, ಇಟ್ಟಳು. ಅವನು ಅದನ್ನು ನೋಡಿ, ಗಾಜಿನಾಚೆ ನಿಂತಿದ್ದ ಜನರತ್ತ ತಡೆಯಿರಿ ಎಂಬಂತೆ ಅಂಗೈ ಎತ್ತಿದ.