ಕೂಗಬಾರದ ಹೊತ್ತು

ಆ ಮಧ್ಯಾಹ್ನ ಮರಗೆಲಸದ ಶೆಡ್ಡಿನಲ್ಲಿ ಇದ್ದವರು ಮಾವ ಮತ್ತು ಸೊಸೆ ಇಬ್ಬರೇ. ಮಗ ಗಿರಾಕಿಯ ಮನೆಗೆ ಬಾಗಿಲು ಕೂರಿಸಲು ಹೋಗಿದ್ದ. ಸೊಸೆ ಹೊರಗೆ ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಿದ್ದಳು. ಒಳಗೆ ಮಾವ ನಡೆಸುತ್ತಿದ್ದ, ಹಲಗೆ ಹೆರೆಯುವ ರಂದಾ ಮಷೀನಿನ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಹಲಗೆ ಸಲೀಸಾಗಿ ಸಾಗುವಾಗಿನ ಸದ್ದಲ್ಲ ಅದು. ಏನನ್ನೋ ಕಚ್ಚಿ ಕಚ್ಚಿ ಬಿಡುವಂಥ ಕಟಕಟ. ಅವಳು ಬಟ್ಟೆ ಕೆಳಗಿಟ್ಟು ಬಾಗಿಲಿಗೆ ಬಂದಳು.

ಹೊಸ್ತಿಲಲ್ಲೇ ನಿಂತಳು.

ಕಬ್ಬಿಣದ ಎರಡು ಮೇಜುಗಳ ನಡುವಿನ ಸಂದಿಯಲ್ಲಿ ಬ್ಲೇಡು ಕೂರಿಸಿದ ಉರುಳೆ ಗಿರಗಿರನೆ ತಿರುಗುತ್ತಿತ್ತು. ಅದನ್ನು ಮುಚ್ಚಿರಬೇಕಾದ ಗಾರ್ಡು ಕಳಚಿ ನೆಲದ ಮೇಲೆ ಬಿದ್ದಿತ್ತು. ಮಾವನ ಕೈಯಲ್ಲಿದ್ದದ್ದು ಗೇಣುದ್ದವೂ ಇಲ್ಲದ ಮರದ ತುಂಡು, ಅದರ ನಟ್ಟನಡುವೆ ಒಂದು ಗಂಟು. ಅಷ್ಟು ಗಿಡ್ಡ ತುಂಡನ್ನು ಈ ಮಷೀನಿಗೆ ಕೊಡಲೇಬಾರದು, ಎಂಥ ಮರವಾದರೂ ಬ್ಲೇಡಿನ ಮೇಲೆ ಬರಿಗೈ ಹೋಗಬಾರದು, ಹಿಡಿಕೆಯಿರುವ ಬೇರೊಂದು ಹಲಗೆಯಿಂದಲೇ ಮರವನ್ನು ಒತ್ತಬೇಕು ಎಂದು ಅವಳಿಗೆ ಹೇಳಿಕೊಟ್ಟವರೇ ಅವರು. ಈಗ ಅಂಗೈಯಿಂದ ಒತ್ತುತ್ತಿದ್ದರು. ಬೆರಳುಗಳು ತುಂಡಿನ ಅಂಚು ದಾಟಿ ಕೆಳಗೆ ಬಾಗಿದ್ದವು.

ಗಂಟಲಿಗೆ ಬಂದ ಕೂಗನ್ನು ಅವಳು ನುಂಗಿಕೊಂಡಳು. ಮಾವ ಬೆಚ್ಚಿಬಿದ್ದರೆ ಕೈ ಜಾರುತ್ತದೆ. ಮಷೀನಿನ ಸ್ವಿಚ್ಚು ಅವರ ಮೊಣಕಾಲಿನ ಹತ್ತಿರವೇ ಇತ್ತು, ಅಲ್ಲಿಗೆ ಹೋಗುವಂತಿಲ್ಲ. ಮೇನ್ ಸ್ವಿಚ್ಚು ಅವರ ಬೆನ್ನ ಹಿಂದಿನ ಗೋಡೆಯಲ್ಲಿ. ಚಪ್ಪಲಿ ಬಿಟ್ಟು, ಗೋಡೆಗುಂಟ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದಳು. ಗಂಟು ತಾಗಿದಾಗಲೆಲ್ಲ ತುಂಡು ಕುಣಿಯುತ್ತಿತ್ತು. ಕುಣಿದಾಗಲೆಲ್ಲ ಅವಳು ಇಟ್ಟ ಹೆಜ್ಜೆಯಲ್ಲೇ ನಿಲ್ಲುತ್ತಿದ್ದಳು. ಮೇನಿನ ಹಿಡಿ ಧೂಳು ಕುಳಿತು ಬಿಗಿದುಕೊಂಡಿತ್ತು. ಎರಡೂ ಕೈ ಹಾಕಿ ಎಳೆದಳು.

ದೀಪಗಳೂ ಆರಿದವು.

"ಹಾಳಾದ ಕರೆಂಟು! ಈಗ್ಲೇ ಹೋಗ್ಬೇಕಿತ್ತಾ?" ಎಂದು ಗೊಣಗುತ್ತ ಮಾವ ಸಂದಿಯಲ್ಲಿದ್ದ ಹೊಟ್ಟು ಗುಡಿಸಲು ಬೆರಳು ಚಾಚಿದರು. ಮೋಟರಿನ ಅಬ್ಬರ ಅಡಗಿತ್ತು, ಆದರೆ ಉರುಳೆ ಹೆಚ್ಚುಕಡಿಮೆ ಅದೇ ವೇಗದಲ್ಲಿ ಸದ್ದಿಲ್ಲದೆ ಇನ್ನೂ ತಿರುಗುತ್ತಿತ್ತು.

"ಮಾವಾ, ಕೈ! ಇನ್ನೂ ತಿರುಗ್ತಿದೆ!"

ಅವರು ಕೈ ಹಿಂದೆಳೆದುಕೊಂಡ ಗಾಬರಿಗೆ ಇನ್ನೊಂದು ಕೈಯಲ್ಲಿದ್ದ ತುಂಡು ಜಾರಿ ಉರುಳೆಯ ಮೇಲೆ ಬಿತ್ತು. ಬ್ಲೇಡು ಅದನ್ನು ಹಿಂದಕ್ಕೆ ಎಸೆಯಿತು. ಸೊಸೆಯ ಕಿವಿಯ ಪಕ್ಕದಲ್ಲೇ ಹಾದು ಅದು ಗೋಡೆಗೆ ಬಡಿದು ಸೀಳಿತು.

ಮಾವ ಹಲಗೆಯ ರಾಶಿಯ ಮೇಲೆ ಕುಳಿತರು. ಅವಳು ಹತ್ತಿರ ಹೋಗಿ ಅವರ ಕೈ ನೋಡಿದಳು. ತೋರುಬೆರಳಿನ ತುದಿ ಸೀಳಿತ್ತು, ರಕ್ತ ಒಣಗಿ ಕಪ್ಪಾಗಿತ್ತು.

"ಇದು ಯಾವಾಗ ಆಯ್ತು ಮಾವ?"

ಅವರು ಇನ್ಯಾರದೋ ಬೆರಳು ನೋಡುವಂತೆ ನೋಡಿದರು. "ಗೊತ್ತಿಲ್ಲ ಕಣಮ್ಮ. ಬೆರಳಿಗೆ ಏನೂ ತಿಳಿಯಲ್ಲ ಈಗ. ಮರ ಹಿಡ್ದಿದೀನೋ ಇಲ್ವೋ ಅಂತ ಕಣ್ಣಲ್ಲಿ ನೋಡ್ಬೇಕು. ಆ ಹಿಡಿಕೆ ಹಲಗೆ ಹಿಡಿದ್ರಂತೂ ಕೈಲಿದೆಯೋ ಬಿದ್ದಿದೆಯೋ ಗೊತ್ತೇ ಆಗಲ್ಲ."

"ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ಮಷೀನ್ ಹತ್ರ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ."

"ಮತ್ತೆ?"

ಅವಳಿಗೆ ನಗು ಬಂದು, ಅದು ಅಳುವಾಗಿ ಹೋಯಿತು.

ಸಂಜೆ ಅವಳೇ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆ, ಆಪರೇಷನ್ ಆಗಬೇಕು, ಸ್ಪರ್ಶ ಮರಳಿ ಬಂದರೂ ಬರಬಹುದು, ಅಲ್ಲಿಯವರೆಗೆ ಮಷೀನಿನ ಕಡೆ ತಲೆ ಹಾಕಬೇಡಿ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಮಾವ ಕೇಳಿದರು: "ತುಂಬಾ ಹೆದರಿಬಿಟ್ಯಾ?"

"ಈಗ್ಲೂ ಹೆದರಿಕೆ ಹೋಗಿಲ್ಲ ಮಾವ."

"ನಂಗೂ."

ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ದಾಟುವಾಗ ಮಾವ ಅವಳ ರಟ್ಟೆ ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವರಿಗೆ ತಿಳಿಯುವಂತಿರಲಿಲ್ಲ. ನೋವಾಗುತ್ತಿದ್ದರೂ ಅವಳು ಆಚೆ ಬದಿ ಮುಟ್ಟುವವರೆಗೆ ಸುಮ್ಮನೆ ನಡೆದಳು.