ಕಾರಿನಡಿಯ ರಟ್ಟು

ಈ ಕಾರು ಹೋದರೆ ನಾನು ಹೋಗುವುದಿಲ್ಲ.

ಮಹೀನ್ ತನಗೆ ತಾನೇ ಒಪ್ಪಿಕೊಂಡ ಮಾತು ಅಷ್ಟೇ. ಒಪ್ಪಿಕೊಂಡವಳು ಮಂಡಿಯೂರಿ, ಕಾರಿನಡಿಗೆ ಕೈಚಾಚಿ ರಟ್ಟನ್ನು ಮೆಲ್ಲನೆ ಹೊರಗೆಳೆದಳು. ಪುಸ್ತಕದ ಕಪಾಟು ತುಂಬಿಸಿಕೊಂಡು ಬಂದಿದ್ದ ಪೆಟ್ಟಿಗೆಯ ರಟ್ಟು ಅದು. ರಾತ್ರಿ ಹಾಸುವಾಗ ಚೊಕ್ಕಟವಾಗಿದ್ದುದರ ನಡುವೆ ಈಗ ಅಂಗೈಯಗಲದ ಕರಿ ಮಚ್ಚೆ. ಅದರ ಮೇಲೆ ಇನ್ನೂ ಇಂಗದ ಒಂದು ತೊಟ್ಟು ಏಪ್ರಿಲ್‌ನ ಬಿಳಿಚು ಬಿಸಿಲಿಗೆ ಕಾಡಿಗೆಯಂತೆ ಹೊಳೆಯುತ್ತಿತ್ತು. ಅಣ್ಣ ಏಳುವ ಮುಂಚೆ ಅವಳು ಅದನ್ನು ಮಡಚಿ ಕಸದ ಡಬ್ಬಿಗಳ ಹಿಂದೆ ಒತ್ತರಿಸಿ ಬೇರೆ ರಟ್ಟು ಹಾಸಿದಳು.

ಸ್ವೀಡನ್ನಿನ ಟೋರ್ಸ್‌ಲಾಂಡದ ಈ ಸಾಲುಮನೆಯನ್ನು ಅಣ್ಣ ಮುಜೀಬ್ ಕೊಂಡು ವರ್ಷ ತುಂಬಿರಲಿಲ್ಲ. ಕೊಂಡವನು ಮೊದಲು ಮಾಡಿಸಿದ ಕೆಲಸವೆಂದರೆ ಮನೆ ಮುಂದಿನ ಡ್ರೈವ್‌ವೇಗೆ ತಿಳಿಬೂದು ಕಲ್ಲು ಹಾಸಿಸಿದ್ದು. "ಎಲೆ ಹಾಕಿ ಊಟ ಬಡಿಸ್ಬಹುದು ಇದ್ರ ಮೇಲೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಹತ್ತಿರದಲ್ಲೇ ಇದ್ದ ಕಾರು ಕಂಪನಿಯ ಬ್ಯಾಟರಿ ವಿಭಾಗದಲ್ಲಿ ಅವನು ಎಂಜಿನಿಯರ್. ಅವನಿಗೆ ಹೊಸ ಎಲೆಕ್ಟ್ರಿಕ್ ಕಾರು ಬಂದ ಮೇಲೆ ಹಳೆಯ ಪೆಟ್ರೋಲ್ ಕಾರು ಡ್ರೈವ್‌ವೇಯ ಮೂಲೆ ಸೇರಿತು. ಸೇರಿ, ಅವಮಾನಕ್ಕೆ ಕಣ್ಣೀರಿಟ್ಟಂತೆ ತೊಟ್ಟಿಕ್ಕತೊಡಗಿತು.

ಮಹೀನ್ ಓದಿದ್ದು ದೂರದ ಶೋವ್ಡೆಯ ವಿಶ್ವವಿದ್ಯಾಲಯದಲ್ಲಿ, ಎಂಜಿನ್‌ಗಳ ವಿಷಯವನ್ನೇ. ಓದು ಮುಗಿಸಿ ಅಣ್ಣನ ಮನೆಗೆ ಬಂದು ಕೂತಿದ್ದಳು. ಹೋದ ವಾರ ಅದೇ ಊರಿನ ಎಂಜಿನ್ ಕಾರ್ಖಾನೆಯವರು ಕರೆದಿದ್ದರು. ತಯಾರಾದ ಎಂಜಿನ್‌ಗಳನ್ನು ಓಡಿಸಿ, ಕಿವಿಗೊಟ್ಟು, ಪರೀಕ್ಷಿಸುವ ಕೆಲಸ. ಸೋಮವಾರದೊಳಗೆ ಉತ್ತರ ಕೊಡಬೇಕು. ಗೆಳತಿಯೊಬ್ಬಳು ಊರಾಚೆಯ ಹಳ್ಳಿಯಲ್ಲಿ ಕೋಣೆಯನ್ನೂ ಹುಡುಕಿಟ್ಟಿದ್ದಳು. ಆದರೆ ಮೊದಲ ಪಾಳಿ ಶುರುವಾಗುವ ಹೊತ್ತಿಗೆ ಅಲ್ಲಿಂದ ಬಸ್ಸಿಲ್ಲ. ಕಾರಿದ್ದರೆ ಹತ್ತು ನಿಮಿಷದ ದಾರಿ. ಡ್ರೈವಿಂಗ್ ಲೈಸೆನ್ಸ್ ಅವಳಿಗೆ ಓದುವಾಗಲೇ ಸಿಕ್ಕಿತ್ತು.

ಇದಾವುದನ್ನೂ ಅವಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ, ಡೈರಿಯಲ್ಲಿ ಬರೆದಿದ್ದಳಷ್ಟೇ. ದಿನಾ ಡೈರಿ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಅಂಟಿರುತ್ತದೆ, ಬರೆದುಬಿಟ್ಟರೆ ಹೇಳಿಬಿಟ್ಟಂತೆ ಅನ್ನಿಸುವುದು.

ಮುಜೀಬ್ ಆಗಲೇ ಅವಳಿಗೊಂದು ದಾರಿ ಹಾಕಿಟ್ಟಿದ್ದ. "ನನ್ನ ಫ್ರೆಂಡ್ ಸಂದೀಪ್‌ಗೆ ಹೇಳಿದೀನಿ ಕಣೆ. ಗೋಥೆನ್‌ಬರ್ಗ್‌ನಲ್ಲಿ ಅವ್ರ ಕಂಪನಿ, ಸಾಫ್ಟ್‌ವೇರ್ ಟೆಸ್ಟಿಂಗು. ಒಂದು ಬಸ್ಸು, ಒಂದು ಟ್ರ್ಯಾಮು, ಸಂಜೆ ಮನೆ. ಎಂಜಿನ್ ಕಾಲ ಮುಗೀತು. ಈಗ ಎಂಜಿನ್ ಕಲಿಯೋದೂ ಒಂದೇ, ಟೈಪಿಂಗ್ ಕ್ಲಾಸಿಗೆ ಸೇರೋದೂ ಒಂದೇ."

ಮನೆಯಲ್ಲಿ ಉರ್ದು ನಡೆದರೂ ಅರಸೀಕೆರೆಯ ಕನ್ನಡ ಶಾಲೆಯಲ್ಲಿ ಓದಿದ ಅಣ್ಣತಂಗಿಯರ ಪ್ರೀತಿ, ಜಗಳ ಎರಡೂ ಕನ್ನಡದಲ್ಲೇ. ಆದರೆ ಜಗಳಕ್ಕೆ ಇಬ್ಬರು ಬೇಕು. ಮಹೀನ್ "ಹ್ಞೂಂ ಭಾಯಿ" ಎಂದು ತಟ್ಟೆ ನೋಡಿದ್ದಳು.

ಕಲೆಯ ಮೇಲೆ ಮೊದಲು ಯುದ್ಧ ಸಾರಿದವಳು ಅತ್ತಿಗೆ ಅರ್ಜುಮಂದ್. ಭಾನುವಾರ ಗೆಳೆಯರು ಊಟಕ್ಕೆ ಬರುವವರಿದ್ದರು. ಬೆಂಗಳೂರಿನವರ ನಡುವೆ 'ಹೋಗುತ್ತೆ, ಬರುತ್ತೆ' ಎಂದು ಹದವಾಗಿ ಮಾತಾಡುವ ಅವಳ ಬಾಯಿಗೆ ಕೆಲಸದ ಬಿರುಸು ಏರಿತೆಂದರೆ ಧಾರವಾಡ ತಾನಾಗಿ ಬರುತ್ತಿತ್ತು. ತವರಿಂದ ತಂದಿದ್ದ ಸೀಗೆಪುಡಿಯ ಡಬ್ಬಿ ಹಿಡಿದು ಹೊರಬಂದಳು.

"ತಲಿಗೆ ಹಚ್ಚಿದ ಎಣ್ಣಿ ಹೋಗ್ತದ, ನೆಲಕ್ಕ ಬಿದ್ದ ಎಣ್ಣಿ ಯಾಕ ಹೋಗಂಗಿಲ್ಲ?"

ಪುಡಿ ಎಣ್ಣೆಯನ್ನು ನಿಜವಾಗಿಯೂ ಹೀರಿತ್ತು. ಗುಡಿಸಿ ಎತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಂಗಳ ಎಂದ ಮೇಲೆ ನೀರು ಹೊಡೆಯದೆ ಮನಸ್ಸಿಗೆ ಸಮಾಧಾನವಾಗುವುದುಂಟೆ? ಪಾತ್ರೆ ಸೋಪು ಸುರಿದು, ಪೈಪು ತಿರುಗಿಸಿ, ಪೈಜಾಮ ಮೇಲೆತ್ತಿ ಪೊರಕೆಯಿಂದ ಉಜ್ಜಿದಳು. ಕಂದು ನೊರೆ ಇಳಿಜಾರು ಹಿಡಿದು ರಸ್ತೆಯಂಚಿನ ಕಬ್ಬಿಣದ ಜಾಲರಿಯತ್ತ ಹೊರಟಿತು.

"ನೇಯ್! ನೇಯ್, ನೇಯ್!"

ಪಕ್ಕದ ಮನೆಯ ಗುನಿಲ್ಲಾ, ಎಪ್ಪತ್ತು ದಾಟಿದ ಹೆಂಗಸು, ಬೇಡ ಬೇಡ ಎಂದು ಕೂಗುತ್ತ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದಳು. ಬರುವಾಗಲೇ ಬಾಗಿಲ ಕಾಲೊರಸು ಬಾಚಿಕೊಂಡು ಬಂದು ಜಾಲರಿಯ ಮೇಲೆ ಎಸೆದು ಅದರ ಮೇಲೆ ತಾನೇ ನಿಂತಳು. ಉಸಿರು ತಿರುಗಿದ ಮೇಲೆ ಸ್ವೀಡಿಶ್‌ನಲ್ಲಿ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದಳು: ಈ ನೀರು ಕೊಳಚೆಯ ಕೊಳವೆಗೆ ಹೋಗುವುದಿಲ್ಲ. ನೇರ ಮನೆಗಳ ಹಿಂದಿನ ತೊರೆಗೆ. ಅಲ್ಲಿಗೆ ಪ್ರತಿ ಶರತ್ಕಾಲದಲ್ಲಿ ಸಮುದ್ರದಿಂದ ಮೀನು ಮೊಟ್ಟೆಯಿಡಲು ಹತ್ತಿ ಬರುತ್ತವೆ.

"ಅಯ್ಯ, ನನ್ನ ಕರ್ಮ! ಬಸುರಿ ಮೀನಿಗೆ ಎಣ್ಣಿ ಕುಡಸಾಕ ಹೋಗಿದ್ನೇನು?" ಅರ್ಜುಮಂದ್ ಪೈಪು ಕೈಬಿಟ್ಟಳು. ಮರುದಿನವೇ ಹೊಸ ಕಾಲೊರಸು, ಜತೆಗೊಂದು ಡಬ್ಬಿ ಶ್ಯಾವಿಗೆ ಪಾಯಸ ಪಕ್ಕದ ಮನೆಗೆ ಹೋದವು.

ಮುಜೀಬ್‌ಗೆ ಮಾತ್ರ ಅದು ಪಾಯಸದಿಂದ ತೊಳೆದುಹೋಗುವ ಅವಮಾನವಾಗಿರಲಿಲ್ಲ. "ಕಾರ್ ಕಂಪನಿ ಎಂಜಿನಿಯರ್ ಮನೆ ಮುಂದೇನೇ ಎಣ್ಣೆ! ಸಾಕು. ಶನಿವಾರ ಬೆಳಗ್ಗೆ ಗುಜರಿಯವ್ರಿಗೆ ಬಂದು ಎತ್ಕೊಂಡು ಹೋಗೋಕೆ ಹೇಳಿದೀನಿ."

ಮಹೀನ್ ರಟ್ಟು ಹಾಸತೊಡಗಿದ್ದು ಅಂದಿನಿಂದ. ಕಲ್ಲು ಕೆಡದಿದ್ದರೆ ಅಣ್ಣನ ಸಿಟ್ಟು ಇಳಿದೀತು, ಇಳಿದರೆ ಕಾರು ಉಳಿದೀತು ಎಂಬ ಆಸೆ. ಆದರೆ ರಟ್ಟು ಬದಲಿಸಿದಷ್ಟೂ ತೊಟ್ಟು ಬೀಳುತ್ತಲೇ ಇತ್ತು. ಗುರುವಾರ ಎಲ್ಲರೂ ಕೆಲಸಕ್ಕೆ, ಅಣ್ಣನ ಪುಟ್ಟ ಮಗಳು ಜೈನಬ್ ಶಿಶುವಿಹಾರಕ್ಕೆ ಹೋದ ಮೇಲೆ ಅವಳಿಗೆ ತನ್ನ ಮೇಲೇ ರೇಗಿತು. ಎಂಜಿನ್ ಓದಿದವಳು ತಾನು, ಮಾಡುತ್ತಿರುವುದು ಸೋರುವ ಸೂರಿನಡಿ ಪಾತ್ರೆ ಇಡುವ ಕೆಲಸ!

ಅಂಗಾತ ಮಲಗಿ ಕಾರಿನಡಿಗೆ ತಲೆ ತೂರಿಸಿದಳು. ಎಂಜಿನ್ನಿನ ಹೊಟ್ಟೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಫೋನಿನ ಟಾರ್ಚು ಹಿಡಿದು ಕಾದಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ, ಹಳೆಯ ಎಣ್ಣೆಯನ್ನು ಹೊರಗಿಳಿಸುವ ಬೋಲ್ಟಿನ ಕೊರಳ ಸುತ್ತ ಕಪ್ಪು ಗೆರೆಯೊಂದು ಮೂಡಿ ದಪ್ಪವಾಗಿ ತೊಟ್ಟಾಯಿತು.

ನೋಡಿದ್ದೇ ಅವಳಿಗೆ ಹೋದ ಶರತ್ಕಾಲ ನೆನಪಾಯಿತು. ಅವಳು ರಜೆಗೆ ಬಂದಿದ್ದಾಗ ಅಣ್ಣ ತಾನೇ ಎಣ್ಣೆ ಬದಲಿಸಿದ್ದ. ಟಾರ್ಚು ಹಿಡಿದವಳು ಅವಳು. ಫಿಲ್ಟರಿನ ಜತೆ ಬಂದಿದ್ದ ಆ ಬೋಲ್ಟಿನ ಹೊಸ ತಾಮ್ರದ ವಾಷರನ್ನು ಅವನು ಬಿಡಿಭಾಗ ತುಂಬಿಡುವ ಐಸ್‌ಕ್ರೀಮ್ ಡಬ್ಬಿಗೆ ಹಾಕಿದ್ದ. "ಹಳೇದು ಕಲ್ಲಿನ ಹಾಗಿದೆ. ಹೊಸದು ಇರ್ಲಿ, ಯಾವತ್ತಾದ್ರೂ ಬೇಕಾಗುತ್ತೆ." ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಿ ಮುಗಿಸುವ ಮನೆಯಲ್ಲಿ ಬೆಳೆದವನಿಗೆ ಗಟ್ಟಿ ಇರುವುದನ್ನು ಬಿಸಾಡುವುದು ಹೇಗೆ ಸಾಧ್ಯ? ಒಮ್ಮೆ ಅದುಮಿಸಿಕೊಂಡ ವಾಷರ್ ಮತ್ತೆ ಹಾಗೆಯೇ ಅದುಮಿಕೊಳ್ಳುವುದಿಲ್ಲ, ಸಂದಿನಿಂದ ಎಣ್ಣೆ ಜಿನುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಟಾರ್ಚು ಹಿಡಿದೇ ನಿಂತಿದ್ದಳು.

"ಜೀವ ಇದೆಯಾ?" ಕಾರಿನಾಚೆ ಗುನಿಲ್ಲಾಳ ಚಪ್ಪಲಿ ಕಂಡವು.

"ಇದೆ."

"ಬರೀ ಜಾಕಿ ಏರಿಸಿ ಅದರಡಿ ಮಲಗುವ ಯೋಚನೆ ಇದ್ದರೆ ಈಗಲೇ ಬಿಡು. ನನ್ನಲ್ಲಿ ಕಾರು ಹತ್ತಿಸಿ ನಿಲ್ಲಿಸುವ ಕಬ್ಬಿಣದ ಇಳಿಜಾರುಗಳಿವೆ, ಎಣ್ಣೆ ಹಿಡಿಯುವ ತಟ್ಟೆಯೂ ಇದೆ." ಅಷ್ಟು ಹೇಳಿ ಆಕೆ ಬಗ್ಗಿ ಕಲ್ಲನ್ನು ಮೂಸಿದಳು. "ಆ ಪುಡಿ ಇನ್ನೂ ಉಳಿದಿದೆಯಾ? ಕಾಡಿನ ವಾಸನೆ ಬರುತ್ತದೆ."

ಶುಕ್ರವಾರ ಮಧ್ಯಾಹ್ನ ಡ್ರೈವ್‌ವೇಯಲ್ಲಿ ಇಬ್ಬರದೇ ಫೀಕಾ, ಸ್ವೀಡನ್ನಿನವರ ಕಾಫಿ ಹೊತ್ತು, ನಡೆಯಿತು. ಒಬ್ಬಳು ಮಡಚುಕುರ್ಚಿಯಲ್ಲಿ ಕಾಫಿ ಹಿಡಿದು ಕಾವಲಿಗೆ, ಇನ್ನೊಬ್ಬಳು ಕಾರಿನಡಿ. ಕಲ್ಲಿನ ಮೇಲೆ ಟಾರ್ಪಾಲು, ಅದರ ಮೇಲೆ ರಟ್ಟು, ಅದರ ಮೇಲೆ ತಟ್ಟೆ. ಎಣ್ಣೆ ಒಂದು ಹನಿಯೂ ಆಚೆಗೆ ಸಿಡಿಯದೆ ದಾರವಾಗಿ ಇಳಿಯಿತು. ಐಸ್‌ಕ್ರೀಮ್ ಡಬ್ಬಿಯ ಹೊಸ ವಾಷರು ಬೋಲ್ಟಿನ ಕೊರಳಿಗೆ ಕೂತಿತು. ತಿರುಗಿಸುವಾಗ ತಾಮ್ರ ಮೆತ್ತಗೆ ಅದುಮಿಕೊಂಡದ್ದು ಅವಳ ಮಣಿಕಟ್ಟಿಗೆ ತಿಳಿಯಿತು. ಹೊಸ ಎಣ್ಣೆ ಹೊಯ್ದು, ಎಂಜಿನ್ ಓಡಿಸಿ, ಕಿವಿಗೊಟ್ಟು ನಿಂತಳು. ಹಳೆಯ ಎಣ್ಣೆ ಡಬ್ಬಕ್ಕೆ ಸೇರಿತು, ನಗರಸಭೆಯ ಸಂಗ್ರಹಣಾ ಕೇಂದ್ರಕ್ಕೆ ಒಯ್ಯಲು.

ಸಂಜೆ ಊಟದ ಹೊತ್ತಿಗೆ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ನೀರು ಕುಡಿದಳು.

ಶನಿವಾರ ಬೆಳಗ್ಗೆ ಮುಜೀಬ್ ಕಾರಿನ ಕೀ ಬೆರಳಿಗೆ ಸಿಕ್ಕಿಸಿಕೊಂಡು ಹೊರಬಂದ. ಅರ್ಜುಮಂದ್ ಹಿಂದಿನ ಸೀಟಿನಿಂದ ಮಗಳ ಬಣ್ಣದ ಪೆನ್ಸಿಲು, ಒಂಟಿ ಗ್ಲೌಸು ಆಯುತ್ತಿದ್ದಳು. ಅವನು ಬಗ್ಗಿ ರಟ್ಟನ್ನು ಎಳೆದ. ತಿರುವಿ ಇನ್ನೊಂದು ಬದಿ ನೋಡಿದ. ಎರಡೂ ಕಡೆ ಒಣ.

"ಅರೆ! ಇವತ್ತು ತೊಟ್ಟಿಕ್ಕಿಲ್ಲ."

"ಹೊಂಟೇನಿ ಅಂತ ಅದಕೂ ಗೊತ್ತಾಗೇದ, ಪಾಪ. ಅಳೋದು ನಿಲ್ಲಿಸೇದ" ಎಂದಳು ಅರ್ಜುಮಂದ್.

"ಅಳೋಕೆ ಒಳಗೆ ಎಣ್ಣೆ ಇದ್ರೆ ತಾನೇ! ಖಾಲಿ ಆಗಿರುತ್ತೆ, ಬಿಡು." ಅವನು ನಕ್ಕು ರಟ್ಟನ್ನು ಗೋಡೆಗೆ ಒರಗಿಸಿದ.

ರಸ್ತೆಯ ತಿರುವಿನಲ್ಲಿ ಗುಜರಿಯ ಲಾರಿ ಕಾಣಿಸಿತು. ನಿಂತು, ಹಿಮ್ಮುಖವಾಗಿ, ಬೀಪ್ ಬೀಪ್ ಎನ್ನುತ್ತ ಬರತೊಡಗಿತು. ಗುನಿಲ್ಲಾ ತನ್ನ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಮಹೀನ್ ಸ್ವೆಟರಿನ ಜೇಬಿನಲ್ಲಿ ಮುಷ್ಟಿ ಬಿಗಿಹಿಡಿದಿದ್ದಳು. ಒಳಗಿದ್ದುದು ಅಂಗೈಗೆ ಒತ್ತಿ ಅಚ್ಚು ಮೂಡಿಸುವಷ್ಟು. ಹೊರತೆಗೆದು ಅಣ್ಣನ ಮುಂದೆ ಚಾಚಿ ಬೆರಳು ಬಿಡಿಸಿದಳು.

ಕಪ್ಪುಗಟ್ಟಿದ, ಚಪ್ಪಟೆಯಾದ ತಾಮ್ರದ ಉಂಗುರ.

ಮುಜೀಬ್ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಅರಸೀಕೆರೆಯ ಮನೆಯಲ್ಲಿ ಅಪ್ಪನ ಸ್ಕೂಟರನ್ನು ಬಿಚ್ಚಿ ಹರಡಿಕೊಂಡು, ನಟ್ಟುಗಳನ್ನೆಲ್ಲ ತಂಗಿಯ ಲಂಗದ ಮಡಿಲಿಗೆ ಹಾಕುತ್ತಿದ್ದವನು ಅವನು. ಮತ್ತೆ ಜೋಡಿಸಿದಾಗೆಲ್ಲ ಒಂದಾದರೂ ಅವಳ ಮಡಿಲಲ್ಲಿ ಉಳಿದಿರುತ್ತಿತ್ತು.

"ಇದು..." ಅವನ ಕಿವಿ ಕೆಂಪಾಯಿತು. "ನಾನು ಹಾಕಿದ್ದಲ್ವಾ? ಗಟ್ಟಿ ಇತ್ತಲ್ಲೇ ಇದು. ಹೊಸದೆಲ್ಲಿತ್ತು?"

"ಐಸ್‌ಕ್ರೀಮ್ ಡಬ್ಬಿಲಿ. ನೀನೇ ಎತ್ತಿಟ್ಟಿದ್ದೆ, ಬೇಕಾಗುತ್ತೆ ಅಂತ."

"ಯಾರು ಹಾಕಿದ್ದು?"

ಅವಳ ಕೈ ಇನ್ನೂ ಚಾಚಿಯೇ ಇತ್ತು. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿರಲಿಲ್ಲ. ಅವನು ಅದನ್ನೇ ನೋಡಿದ. ಅರ್ಜುಮಂದ್ ಪೆನ್ಸಿಲುಗಳನ್ನು ಎದೆಗವುಚಿಕೊಂಡು ಹತ್ತಿರ ಬಂದಳು. ಲಾರಿ ಬಂದು ನಿಂತಿತು. ಬೀಪ್ ನಿಂತು, ಡ್ರೈವರ್ ಬಾಗಿಲು ತೆರೆದ.

"ಭಾಯಿ," ಎಂದಳು ಮಹೀನ್. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. ಗೋಡೆಗೊರಗಿದ ರಟ್ಟು ಗಾಳಿಗೆ ಮೆಲ್ಲನೆ ಜಾರಿ ತಿಳಿಬೂದು ಕಲ್ಲಿನ ಮೇಲೆ ಮಲಗಿತು. "ನನಗೆ ಎಂಜಿನ್ ಕೆಲಸವೇ ಬೇಕು. ಶೋವ್ಡೆಲಿ ಸಿಕ್ಕಿದೆ. ಈ ಕಾರಲ್ಲೇ ಹೋಗ್ತೀನಿ."