ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಮನೆಯಲ್ಲಿ ಸೇರಿದ್ದ ಸಭೆಯವರ ಮುಂದೆ ಸುಲೋಚನಾ ಪ್ರಾರ್ಥನೆಯ ನಡುವಿನಲ್ಲಿದ್ದಾಗ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಅವಳು ಕಣ್ಣು ತೆರೆಯಲಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ತೆರೆಯಬಾರದೆಂಬುದು ಚಿಕ್ಕಂದಿನ ರೂಢಿ. ಅಲ್ಲದೆ ಇವತ್ತು ಮಾತುಗಳು ತಡವರಿಸದೆ, ಒಂದರ ಕೈ ಹಿಡಿದು ಇನ್ನೊಂದು ಬರುತ್ತಿದ್ದವು.

“ಪರಲೋಕದ ತಂದೆಯೇ, ನಿನ್ನ ಮಗ ಪ್ರಸನ್ನನನ್ನು ಕುಡಿತದ ಕೆಸರಿನಿಂದ ಎತ್ತಿದ್ದೀ. ಆ ಆಸ್ಪತ್ರೆಯ ಬೀಗ ಹಾಕಿದ ಬಾಗಿಲ ಹಿಂದೆ ಅವನು ನಡುಗುತ್ತಾ ಮಲಗಿದ್ದಾಗ ನೀನು ಅವನ ಪಕ್ಕದಲ್ಲಿದ್ದೆ. ಮತ್ತೆ ಅವನ ಕೈ ಬಾಟಲಿಯ ಕಡೆ ಹೋಗದಂತೆ ಕಾಪಾಡು, ಕರ್ತನೇ...”

“ಸ್ತೋತ್ರ, ಸ್ತೋತ್ರ” ಎಂದು ಸುತ್ತಲಿನಿಂದ ದನಿಗಳೆದ್ದವು. ಯಾರೋ ಬಿಕ್ಕಿದರು. ಆ ಬಿಕ್ಕು ಕೇಳಿ ಸುಲೋಚನಾಳ ದನಿ ಇನ್ನಷ್ಟು ಏರಿತು. ನಿಲ್ಲಿಸಬೇಕೆಂದಿದ್ದವಳು ಇನ್ನೂ ಸ್ವಲ್ಪ ಮುಂದುವರಿಸಿದಳು.

ಆಮೆನ್ ಹೇಳಿ ಕಣ್ಣು ಬಿಟ್ಟಾಗ ಬಾಗಿಲ ಪಕ್ಕದ ಪ್ರಸನ್ನನ ಕುರ್ಚಿ ಖಾಲಿಯಿತ್ತು. ಮಗ ಬಾತ್‌ರೂಮಿಗೆ ಹೋಗಿರಬೇಕು ಎಂದುಕೊಂಡು ಅಡುಗೆಮನೆಯಿಂದ ಖಾರಾಬಾತಿನ ಪಾತ್ರೆ ತಂದಳು.

“ನಿಮ್ ಥರ ಪ್ರಾರ್ಥನೆ ಮಾಡೋರು ನಮ್ ಸಭೇಲೇ ಇಲ್ಲ ಬಿಡಿ ಸುಲೋಚನಕ್ಕ” ಎಂದಳು ದಯಾಮಣಿ, ತಟ್ಟೆ ಮುಂದೆ ಹಿಡಿಯುತ್ತಾ. “ಕೇಳ್ತಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಪಾಪ, ನಮಗೆ ಗೊತ್ತೇ ಇರ್ಲಿಲ್ಲ. ಕಾಮಾಲೆ ಅಂತ ಅಲ್ವಾ ನೀವು ಹೇಳಿದ್ದು?”

ಸುಲೋಚನಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ಯಾರಿಗೂ ಹೇಳ್ಬೇಡ ಅಮ್ಮ ಎಂದು ಅವನು ಆಸ್ಪತ್ರೆಯಿಂದ ಬರುವಾಗ ಆಟೋದಲ್ಲೇ ಕೇಳಿಕೊಂಡಿದ್ದ. ಅವಳು ಹೇಳಿರಲಿಲ್ಲ. ಒಡಹುಟ್ಟಿದ ತಂಗಿ ಕೇಳಿದಾಗಲೂ ಕಾಮಾಲೆ ಎಂದೇ ಅಂದಿದ್ದಳು. ದೇವರಿಗೆ ಹೇಳಿದರೆ ಅದು ಯಾರಿಗೋ ಹೇಳಿದಂತೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಇವತ್ತಿನ ಮನೆಕೂಟಕ್ಕೆ ಕೂರಲು ಅವನು ತಾನಾಗಿಯೇ ಒಪ್ಪಿದ್ದ. ಬೆಳಿಗ್ಗೆ ಅವಳು ಇಸ್ತ್ರಿ ಮಾಡಿಟ್ಟ ತಿಳಿನೀಲಿ ಅಂಗಿ ಹಾಕಿಕೊಂಡು, ಕುರ್ಚಿಗಳನ್ನೂ ಅವನೇ ಜೋಡಿಸಿದ್ದ.

ಎಲ್ಲರನ್ನೂ ಕಳಿಸಿ, ಪ್ರಸನ್ನ ಮನೆಯಲ್ಲೆಲ್ಲೂ ಕಾಣದೆ ಕೆಳಗಿಳಿದಾಗ ಮನೆ ಓನರ್ ಮಂಗಮ್ಮ ಮೆಟ್ಟಿಲ ಬುಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಜರಗನಹಳ್ಳಿ ಇನ್ನೂ ಹೊಲವಾಗಿದ್ದಾಗಿನಿಂದ ಅಲ್ಲೇ ಇದ್ದವರು.

“ನಿಮ್ ಹುಡ್ಗ ಚಪ್ಲಿ ಕೈಯಾಗೆ ಹಿಡ್ಕೊಂಡು ಹೋದ ಕಣಮ್ಮ. ಯಾಕಪ್ಪ ಹಿಂಗೆ ಅಂದ್ರೆ, ಮೇಲೆ ಪ್ರಾರ್ಥನೆ ನಡೀತಿದೆ ಅಜ್ಜಿ, ಸದ್ದಾಗ್ಬಾರ್ದು ಅಂದ. ನಮ್ಮನೇಲಿ ನಾನು ಪೂಜೆಗೆ ಕೂತ್ರೆ ಒಬ್ರೂ ಟೀವಿ ಸದ್ದು ಕಮ್ಮಿ ಮಾಡಾಕಿಲ್ಲ.”

ಫೋನ್ ಮಾಡಿದಳು. ಎರಡು ಸಲ ಎತ್ತಲಿಲ್ಲ. ಆಮೇಲೆ ಎತ್ತಿದ, ಹಿಂದೆ ಬಸ್ಸಿನ ಹಾರನ್ ಕೇಳುತ್ತಿತ್ತು.

“ಎಲ್ಲಿದ್ದೀಯೋ?”

“ಇಲ್ಲೇ ಇದೀನಿ.”

“ಮನೆಗೆ ಬಾ. ಎಲ್ರೂ ಹೋದ್ರು.”

“ಹೋಗಿ ಅವರವರ ಮನೇಲಿ ಹೇಳ್ತಿರ್ತಾರೆ.”

“ನಾನು ದೇವರ ಹತ್ರ ಬೇಡ್ಕೊಂಡಿದ್ದು ಕಣೋ, ಅವರ ಹತ್ರ ಅಲ್ಲ.”

“ಮತ್ತೆ ಅಷ್ಟು ಜೋರಾಗಿ ಯಾಕಮ್ಮ?” ಎಂದ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳು ಏನಾದರೂ ಹೇಳಬಹುದಿತ್ತು. ಆಮೇಲೆ ಫೋನ್ ಸ್ವಿಚ್ ಆಫ್ ಆಯಿತು.

ಕನಕಪುರ ರಸ್ತೆಯಲ್ಲಿ ಸಂಜೆಯ ಟ್ರಾಫಿಕ್ ಮೆಟ್ರೋ ಕಂಬಗಳ ಎರಡೂ ಕಡೆ ಕಟ್ಟಿಕೊಂಡಿತ್ತು. ಬಸ್ ಸ್ಟಾಪಿನಲ್ಲಿ ಅವನಿರಲಿಲ್ಲ. ಬೇಕರಿಯ ಮುಂದೆ, ಅವನು ನಿಂತು ಟೀ ಕುಡಿಯುವ ಜಾಗದಲ್ಲೂ ಇರಲಿಲ್ಲ. ಬೇಕರಿ ದಾಟಿದರೆ ಮುಂದಿನದು ಬಾರ್. ಇಷ್ಟು ವರ್ಷ ಆ ಬೋರ್ಡಿನ ಕೆಳಗೆ ಮುಖ ತಿರುಗಿಸಿಕೊಂಡು ಹೋಗಿದ್ದವಳು ಇವತ್ತು ಅಲ್ಲೇ ನಿಂತಳು.

ಬಾಗಿಲ ಪರದೆ ಫ್ಯಾನಿನ ಗಾಳಿಗೆ ಸರಿದಾಗ ಒಳಗಿನ ಗೋಡೆಯ ಕಡೆ ಒಂದು ತಿಳಿನೀಲಿ ಬೆನ್ನು ಕಂಡಿತು. ಇಸ್ತ್ರಿಯ ಗೆರೆ ತೋಳಿನ ಮೇಲೆ ಇನ್ನೂ ನೆಟ್ಟಗಿತ್ತು. ಮುಂದಿನ ಮೇಜಿನ ಮೇಲೆ ಏನಿದೆಯೆಂದು ಕಾಣಲಿಲ್ಲ. ಪರದೆ ಮುಚ್ಚಿಕೊಂಡಿತು.

ಬಾಯಿ ತೆರೆದರೆ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕರ್ತನೇ, ಈ ಹೊತ್ತಿನಲ್ಲಿ ನಿನ್ನ ಮಗನನ್ನು... ವಾಕ್ಯ ಆಗಲೇ ಸಿದ್ಧವಾಗಿತ್ತು, ಕೊನೆಯವರೆಗೂ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದವನು ಅವಳನ್ನು ಆಗಿನಿಂದ ನೋಡುತ್ತಿದ್ದ. ಎದ್ದು ಹತ್ತಿರ ಬಂದ.

“ಯಾರಾದ್ರೂ ಒಳಗಿದಾರಾ ಆಂಟಿ? ಹೆಸರು ಹೇಳಿ, ಕೂಗ್ತೀನಿ.”

ಫುಟ್‌ಪಾತಿನಲ್ಲಿ ಸಿಗರೇಟು ಸೇದುತ್ತಿದ್ದ ಇಬ್ಬರು ತಿರುಗಿ ನೋಡಿದರು.

“ಬೇಡಪ್ಪ” ಎಂದಳು ಸುಲೋಚನಾ, ಅವನಿಗಷ್ಟೇ ಕೇಳುವಷ್ಟು. “ಕೂಗ್ಬೇಡ.”

ರಸ್ತೆಯ ನಡುವಿನ ಕಂಬದ ಕೆಳಗೆ ಹೋಗಿ ನಿಂತಳು. ಮೇಲೆ ರೈಲು ಹಾದು ಹೋಯಿತು. ತುಟಿ ಮುಚ್ಚಿಕೊಂಡು, ಕಣ್ಣು ಮಿಟುಕಿಸಲೂ ಹೆದರಿ, ಅವಳು ಪರದೆಯನ್ನೇ ನೋಡುತ್ತಿದ್ದಳು. ಅದು ಆಗಾಗ ಸರಿಯುತ್ತಿತ್ತು. ಹೊರಗೆ ಬರುತ್ತಿದ್ದವರು ಬೇರೆಯವರು.